ಹಂದಿಗೆ ಸಿಕ್ಕ ಮಾತ್ರೆ

೧೪ ನವೆಂಬರ್ ೧೯೪೩, ಪನಾಯ್ ದ್ವೀಪ

ಇನ್ನೂ ನಗು ತಡೆಯಲಾಗುತ್ತಿಲ್ಲ. ನಮ್ಮ ದ್ವೀಪವನ್ನು ಹಿಡಿದಿರುವ ಜಪಾನಿಗಳ ಕಣ್ಣಿಗೆ ಬೀಳದೆ ಉಳಿದಿದ್ದ ಒಂದೇ ಹಂದಿಗೆ ತೆಂಗಿನ ಹೆಂಡ ಕುಡಿಸಿ, ಶಾಲು ಹೊದಿಸಿ, ರೋಗಿಗಳನ್ನು ಹೊರುವ ಜೋಲಿಯಲ್ಲಿ ಬೆಟ್ಟದ ಗೆರಿಲ್ಲಾಗಳಿಗೆ ಸಾಗಿಸಿದೆವು. ದಾರಿ ಕಾಯುತ್ತಿದ್ದ ಜಪಾನಿ ಸೈನಿಕನ ಮುಂದೆಯೇ ಅದು ಗೊರಕೆ ಹೊಡೆಯಬೇಕೆ!

"ನಮ್ಮತ್ತೆ ಸ್ವಾಮಿ, ಮಲೇರಿಯಾ. ಹುಷಾರಾಗಿದ್ದಾಗ್ಲೂ ಹೀಗೇ ಗೊರಕೆ," ಎಂದಳು ಸಿದ್ರಾ ಚಿಕ್ಕಮ್ಮ, ಜಪಮಾಲೆ ಎಣಿಸುತ್ತಾ.

ಸೈನಿಕ ಹಿಂದೆ ಸರಿದು, ಜೇಬಿನಿಂದ ನಾಲ್ಕು ಕ್ವಿನೈನ್ ಮಾತ್ರೆ ತೆಗೆದು ಕೊಟ್ಟ. ದಿನಾ ಅವರಿಗೆ ಬಗ್ಗಿ ವಂದಿಸಲೇಬೇಕು; ಮನಸಾರೆ ಬಗ್ಗಿದ್ದು ಇವತ್ತೇ.

ಬೆಟ್ಟದಲ್ಲಿ ಗೆರಿಲ್ಲಾಗಳ ಜೊತೆಗಿದ್ದು ಮಲೇರಿಯಾ ಜ್ವರದಿಂದ ನಡುಗುತ್ತಿದ್ದ ತಮ್ಮ ತೆಬಾನ್‌ಗೆ ಈ ಕಥೆ ಹೇಳುತ್ತಲೇ ಆ ಮಾತ್ರೆ ನುಂಗಿಸಿದೆ. ವಾರದಿಂದ ಗಂಜಿಯನ್ನೂ ಮುಟ್ಟದವನು ಸಂಜೆ ಬೆವರು ಬಿಟ್ಟು ಎದ್ದು ಕೂತ. ಒಲೆಯ ಕಡೆ ಮೂಗು ತಿರುಗಿಸಿ ಕೇಳಿದ:

"ಅಕ್ಕಾ, ಚಿಕ್ಕಮ್ಮನ ಅತ್ತೆ ಇನ್ನೂ ಬೆಂದಿಲ್ವಾ?"