ಸಾಪ್ರಿ ಕೂರಿಸಿದ ಬೆತ್ತದ ಕುರ್ಚಿ

ಕರವಾಂಗ್
ಮಂಗಳವಾರ, ರಂಜಾನ್ ಉಪವಾಸದ ಇಪ್ಪತ್ತೈದನೆಯ ದಿನ

ಮಾಸ್ ಹರ್ಜಿತೊ ಅವರಿಗೆ ನಿಮ್ಮ ಹೆಂಡತಿ ಸುಪಾರ್ಮಿಯ ಸಲಾಮು.

ನೀವು ಶಿಫ್ಟ್ ಮುಗಿಸಿ ಬರುವಾಗ ಬಾಗಿಲಿಗೆ ಬೀಗ ಇರುತ್ತದೆ. ಕೀಲಿ ಪಕ್ಕದ ಕೋಣೆಯ ಬು ಯಾತಿ ಹತ್ತಿರ ಇದೆ. ಉಪವಾಸ ಬಿಡುವುದಕ್ಕೆ ಖರ್ಜೂರ ತಟ್ಟೆಯಲ್ಲಿದೆ, ಸೋಯಾ ಕಾಳಿನ ತೆಂಪೆ ಹುರಿದು ಮುಚ್ಚಿಟ್ಟಿದ್ದೇನೆ. ಹನ್ನೊಂದು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಮಾಡಿಬಿಟ್ಟಿತು. ಅದರಲ್ಲಿ ಪ್ರೀತಿ ಹುಡುಕಲು ಹೋಗಬೇಡಿ.

ಮೊದಲು ಸ್ಕೂಟರಿನ ವಿಷಯ ಹೇಳುತ್ತೇನೆ. ಹಬ್ಬಕ್ಕೆ ನಿಮ್ಮೂರು ಕೆಬುಮೆನ್‌ಗೆ ಹೊರಡುವ ಮೊದಲು ಸರ್ವಿಸ್ ಮಾಡಿಸಿ ಎಂದು ಮೂರು ವಾರದಿಂದ ನಿಮ್ಮ ಬೆನ್ನು ಹತ್ತಿದ್ದೆ. "ನಾನೇ ಮಾಡಿಸ್ತೀನಿ ಬಿಡು. ಗ್ಯಾರೇಜಿನ ಗ್ರೀಸು, ಬೈಗುಳ, ಅದೆಲ್ಲ ನಿಂಗ್ಯಾಕೆ?" ಅಂದಿರಿ. ಹೋದ ವರ್ಷವೂ ಹೀಗೇ ಅಂದು, ಬ್ರೆಬೆಸ್ ಹತ್ತಿರ ಬೆಲ್ಟು ಹರಿದು, ನಾಲ್ಕು ಗಂಟೆ ಈರುಳ್ಳಿ ಮೂಟೆಯ ಮೇಲೆ ಕೂತಿದ್ದು ನಾನು. ಈ ಸಲ ಹಾಗಾಗಬಾರದು, ನಿಮಗೂ ಖುಷಿಯಾಗಲಿ ಎಂದುಕೊಂಡೆ. ನಿನ್ನೆ ನೀವು ಗೆಳೆಯನ ಬೈಕಿನಲ್ಲಿ ಕೆಲಸಕ್ಕೆ ಹೋದಿರಲ್ಲ, ಆಮೇಲೆ ಸೀಟು ಎತ್ತಿ ನೋಡಿದೆ. ಆಯಿಲ್ ಬದಲಿಸಿದಾಗ ಅಂಟಿಸುವ ಚೀಟಿಯಲ್ಲಿ ಗ್ಯಾರೇಜಿನ ವಿಳಾಸ ಇತ್ತು. ಎಷ್ಟೋ ವಿಷಯ ಜೋಪಾನ ಮಾಡಿದ ನೀವು ಆ ಒಂದು ಚೀಟಿ ಕಿತ್ತು ಹಾಕುವುದನ್ನು ಮರೆತಿರಿ.

ಗ್ಯಾರೇಜಿನ ಸಾಪ್ರಿ ಒಳ್ಳೆಯವನು. ಊರಿಗೆ ಹೊರಡುವವರ ಸ್ಕೂಟರುಗಳು ರಸ್ತೆಯ ತನಕ ಸಾಲು ನಿಂತಿದ್ದವು. ನಂಬರ್ ಪ್ಲೇಟ್ ನೋಡುತ್ತಲೇ ನಕ್ಕ. "ಓ, ಹರ್ಜಿತೊ ಅಣ್ಣನ ಗಾಡಿ! ನೀವೇನಾ ಅತ್ತಿಗೆ? ಅಂತೂ ಮುಖ ತೋರಿಸಿದ್ರಲ್ಲ. ಅಣ್ಣ ನಿಮ್ಮನ್ನ ಪೆಟ್ಟಿಗೇಲಿ ಇಟ್ಟಿದಾರೆ ಅಂದ್ಕೊಂಡಿದ್ದೆ," ಅಂದ. ನನಗೂ ನಗು ಬಂತು. ಬೆಲ್ಟು, ರೋಲರು, ಹಿಂದಿನ ಬ್ರೇಕು ಎಲ್ಲ ಬದಲಿಸಿದ. ಹಳೆಯ ಸಾಮಾನನ್ನು ಚೀಲದಲ್ಲಿ ಹಾಕಿ ಕೈಗೆ ಕೊಟ್ಟ. "ಈ ಬೆಲ್ಟ್ ನಂಬ್ಕೊಂಡು ಹೊರಟಿದ್ರೆ ಅರ್ಧ ದಾರೀಲಿ ತಳ್ಕೊಂಡು ಹೋಗ್ಬೇಕಿತ್ತು," ಅಂದ. ಬುತ್ತಿ, ಬಟ್ಟೆಗಂಟು ಕಟ್ಟುವುದಕ್ಕೆ ಹಿಂದೆ ಹಲಗೆ ಬಿಗಿದ.

ನಾನು ನೆರಳಲ್ಲಿ ಕೂತು ತೂಕಡಿಸುತ್ತಿದ್ದೆ. ಕರೆದಾಗ ಎದ್ದು ನೋಡಿದರೆ ಸ್ಕೂಟರಿನ ಮುಂಭಾಗದಲ್ಲಿ, ಕಾಲಿಡುವ ಜಾಗದಲ್ಲಿ, ಪುಟ್ಟ ಬೆತ್ತದ ಕುರ್ಚಿ ಕೂತಿತ್ತು. ಮಗುವನ್ನು ಕೂರಿಸುವ ಕುರ್ಚಿ. ಬೇರೆ ಯಾರದ್ದೋ ನನ್ನ ಗಾಡಿಗೆ ಹಾಕಿದ್ದೀರಿ ಅಂದೆ.

"ನಿಮ್ದೇ ಅಲ್ವಾ ಅತ್ತಿಗೆ! ಮನೇಲಿ ಜಾಗ ಇಲ್ಲ ಅಂತ ಅಣ್ಣ ದಿನಾ ಸಂಜೆ ಇಲ್ಲೇ ಬಿಚ್ಚಿಟ್ಟು ಹೋಗ್ತಾರೆ. ಅಷ್ಟು ದೂರ ನಿಮ್ಮ ಪುಟ್ಟ ಗಿಲಾಂಗ್ ನಿಂತ್ಕೊಂಡು ಬರೋಕಾಗುತ್ತಾ? ಅದಕ್ಕೇ ನಾನೇ ಹಾಕ್ಬಿಟ್ಟೆ. ಎಲ್ಲಿ, ಅವನನ್ನ ಕರ್ಕೊಂಡು ಬರ್ಲಿಲ್ವಾ? ಥೇಟ್ ಅಪ್ಪನ ಮುಖ ಅವನದು. ಮನೆ ಇಲ್ಲೇ ತಾನೆ, ನೂಡಲ್ ಅಂಗಡಿ ಹಿಂದೆ?"

ಹೂಂ ಅಂದೆ, ಮಾಸ್. ಕೂಲಿ ಕೊಟ್ಟು, ಆ ಕುರ್ಚಿಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಹೊರಟೆ.

ನೂಡಲ್ ಅಂಗಡಿಯ ಹಿಂದಿನ ಗಲ್ಲಿಗೆ ತಿರುಗುತ್ತಿದ್ದ ಹಾಗೆ, ಸ್ಕೂಟರಿನ ಸದ್ದಿಗೇ ಒಂದು ಮಗು ಹೊರಗೆ ಓಡಿಬಂತು. ಮೂರು ವರ್ಷ ಇರಬಹುದು. ನನ್ನ ಮುಖ ಕೂಡ ನೋಡಲಿಲ್ಲ, ನೇರವಾಗಿ ಕುರ್ಚಿ ಹತ್ತಿ ಕೂತು ಕನ್ನಡಿ ಹಿಡಿದುಕೊಂಡಿತು. ಹನ್ನೊಂದು ವರ್ಷದಲ್ಲಿ ನನ್ನ ಗಾಡಿಯ ಮೇಲೆ ಕೂತ ಮೊದಲನೆಯ ಮಗು ಅದು. ಅದರ ತಲೆಯ ಎಣ್ಣೆ ವಾಸನೆ ನನ್ನ ಮೂಗಿಗೆ ಬಡಿಯುತ್ತಿತ್ತು. ಅಲ್ಲೇ ಕೂಗಿ ಅಳಬೇಕು ಅನ್ನಿಸಿತು, ಅಳಲಿಲ್ಲ.

ಅವಳು ಬಾಗಿಲಿಗೆ ಬಂದಳು. ಕೈಯೆಲ್ಲ ಹಿಟ್ಟು. ಗಾಡಿ ನೋಡಿದಳು, ನನ್ನನ್ನು ನೋಡಿದಳು, ಅರ್ಥ ಮಾಡಿಕೊಂಡಳು. ಒಳಗೆ ಕರೆದಳು, ನಾನು ಹೋಗಲಿಲ್ಲ. "ಅಕ್ಕ, ನೀವು ಹಳ್ಳೀಲಿ ಇರ್ತೀರಿ ಅಂದಿದ್ರು. ನಂಗೆ ಮಕ್ಕಳಾಗಲ್ಲ, ನೀವು ಇನ್ನೊಂದು ಮದುವೆ ಆಗಿ ಅಂತ ನೀವೇ ಒಪ್ಪಿಗೆ ಕೊಟ್ರಿ ಅಂದ್ರು. ಅದಕ್ಕೇ ನಾನು ಒಪ್ಪಿದ್ದು," ಅಂದಳು. ಅವಳು ಸುಳ್ಳು ಹೇಳುವ ಹೆಂಗಸಲ್ಲ ಅನ್ನಿಸಿತು. ಕನಿಷ್ಠ ಆ ಮಾತಿನಲ್ಲಿ ಅಲ್ಲ. ಅದು ನಿಮ್ಮದೇ ಮಾತು, ನನಗೆ ಗುರುತು ಸಿಕ್ಕಿತು.

ರಾತ್ರಿ ನೀವು ಬಂದು ನಗುನಗುತ್ತಾ ಊಟ ಮಾಡಿದಿರಿ. ಸ್ಕೂಟರ್ ತೊಳೆದಿದ್ದೀಯಾ ಎಂದು ಕೇಳಿದಿರಿ. ಹೌದು ಅಂದೆ. ಅಷ್ಟು ಚೆನ್ನಾಗಿ ಸುಳ್ಳು ಹೇಳುವುದನ್ನು ನಾನು ಯಾವಾಗ ಕಲಿತೆ ಎಂಬುದು ನಿಮಗೆ ಗೊತ್ತಿಲ್ಲ.

ಪ್ರತಿ ಹಬ್ಬದ ಬೆಳಿಗ್ಗೆ ನಾನು ಮೊದಲು ನಿಮ್ಮ ಮುಂದೆ ಮಂಡಿಯೂರಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪು ಕ್ಷಮಿಸಿ ಎಂದು ಕೈ ಮುಗಿಯುತ್ತಿದ್ದೆ. ಆಮೇಲೆ ನಿಮ್ಮ ತಾಯಿಯ ಕಾಲ ಬಳಿ ಹೋಗುತ್ತಿದ್ದೆ. ಅವರು ತಲೆ ಮೇಲೆ ಕೈ ಇಟ್ಟು, ಊರೆಲ್ಲ ಕೇಳುವ ಹಾಗೆ, "ಈ ಸಲನಾದ್ರೂ ಹೊಟ್ಟೇಲಿ ಏನಾದ್ರೂ ತಂದಿದೀಯಾ, ಇಲ್ಲಾ ಬರೀ ಬಿಸ್ಕತ್ ಡಬ್ಬಾನೇನಾ?" ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. ಕಳೆದ ಮೂರು ವರ್ಷ ಆ ನಗುವಿನ ಒಳಗೆ ಗಿಲಾಂಗ್ ಇದ್ದ ಎಂದು ಈಗ ಗೊತ್ತಾಯಿತು.

ಈ ಸಲ ನಾನು ಮಂಡಿಯೂರುವುದಿಲ್ಲ. ಸ್ಕೂಟರ್ ನನ್ನ ಹೆಸರಿನಲ್ಲಿದೆ, ತೆಗೆದುಕೊಂಡು ಹೋಗುತ್ತಿದ್ದೇನೆ. ನಮ್ಮಮ್ಮನ ಊರು ವೊನೊಗಿರಿ ಇನ್ನೂ ದೂರ, ಆದರೆ ಬೆಲ್ಟು ಹೊಸದು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಎಂಜಿನ್ ಆರಲು ಬಿಡಿ ಎಂದು ಸಾಪ್ರಿ ಹೇಳಿದ್ದಾನೆ. ಹಾಗೇ ಮಾಡುತ್ತೇನೆ. ಹಬ್ಬ ಮುಗಿದ ಮೇಲೂ ನಾನು ಬರುವುದಿಲ್ಲ. ತಲಾಖಿನ ಕಾಗದ ಅಲ್ಲಿಗೇ ಕಳಿಸಿ.

ಕುರ್ಚಿಯನ್ನು ಅವಳ ಬಾಗಿಲಲ್ಲೇ ಬಿಟ್ಟು ಬಂದಿದ್ದೇನೆ. ಅದರ ಒಂದು ಕಾಲಿನ ರಬ್ಬರು ಸವೆದುಹೋಗಿದೆ, ಮಗು ಕೂತರೆ ಅಲುಗುತ್ತದೆ. ಹೊಸದು ಹಾಕಿಸಿ.

ಇನ್ನು ಮುಂದೆ ನಿಮ್ಮವಳಲ್ಲದ,
ಸುಪಾರ್ಮಿ

ಮರೆತ ಮಾತು: ನನ್ನ ಹೊಲಿಗೆ ದಾರದ ಬಿಸ್ಕತ್ ಡಬ್ಬಿ ಕಪಾಟಿನ ಮೇಲಿದೆ. ತಳದಲ್ಲಿ ಒಂದು ಕಾಗದ ಸಿಗುತ್ತದೆ. ಒಂಬತ್ತು ವರ್ಷದ ಹಿಂದೆ ನಾವಿಬ್ಬರೂ ಪರೀಕ್ಷೆ ಮಾಡಿಸಿಕೊಂಡೆವಲ್ಲ, ನಿಮಗೆ ಶಿಫ್ಟ್ ಇದೆ ಎಂದು ಫಲಿತಾಂಶ ತರಲು ನನ್ನೊಬ್ಬಳನ್ನೇ ಕಳಿಸಿದಿರಿ. ದೋಷ ನನ್ನದು ಎಂದು ಬಂದು ಹೇಳಿದೆ. ನಿಮ್ಮ ತಲೆ ತಗ್ಗುವುದನ್ನು ನೋಡಲಾರದೆ ಹೇಳಿದ ಸುಳ್ಳು ಅದು. ನನ್ನಲ್ಲಿ ಯಾವ ದೋಷವೂ ಇಲ್ಲ. ನಿಮ್ಮಿಂದ ಮಗುವಾಗುವುದು ಸಾಧ್ಯವಿಲ್ಲ ಎಂದು ವೈದ್ಯರು ಅದರಲ್ಲಿ ಬರೆದಿದ್ದಾರೆ. ಗಿಲಾಂಗ್ ಯಾರ ಮಗು ಎಂದು ಅವಳನ್ನು ಕೇಳಬೇಡಿ, ಆ ಮಗುವಿನ ತಪ್ಪು ಏನೂ ಇಲ್ಲ. ಥೇಟ್ ಅಪ್ಪನ ಮುಖ ಎಂದು ಸಾಪ್ರಿ ಮತ್ತೆ ಹೇಳುತ್ತಾನೆ. ಆಗ ನೀವೂ ಹೂಂ ಅನ್ನಿ. ಒಂಬತ್ತು ವರ್ಷ ನಾನು ಹೊತ್ತೆ, ಇನ್ನು ನೀವು ಹೊರಿ.