ಒಂದು ಬದಿ ತೆರೆದ ಕೌದಿ

ದೇವಾಪುರದಲ್ಲಿರುವ ಅಕ್ಕ ದೇವಕಮ್ಮನಿಗೆ, ಶಹಾಪುರದಿಂದ ನಿನ್ನ ತಮ್ಮ ಮಲ್ಲಣ್ಣನ ಶರಣಾರ್ಥಿ.

ನಿನಗೆ ಓದು ಬಾರದು. ಇದನ್ನು ನಿನ್ನ ಸೊಸೆ ಮೌನಿಕಾ ಓದಿ ಹೇಳಬೇಕು. ಮೌನಿಕಾ, ಮನಸ್ಸಿನಲ್ಲೇ ಓದಿಕೊಂಡು ಮಡಚಿಡಬೇಡವ್ವ. ನಾಲ್ಕು ವರ್ಷದ ಹಿಂದೆ ಇದೇ ಪತ್ರಿಕೆಯ ಇದೇ ಮೂಲೆಯಲ್ಲಿ ನಾನು ಬರೆದದ್ದನ್ನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದವಳು ನೀನೇ. ಇದನ್ನೂ ಅಷ್ಟೇ ಗಟ್ಟಿಯಾಗಿ ಓದು.

ಅಕ್ಕಾ, ಆ ವಾರ ನನಗೆ ಬರೆಯಲು ವಿಷಯ ಸಿಕ್ಕಿರಲಿಲ್ಲ. ನಗೆಬರಹದವನಿಗೆ ವಿಷಯ ಸಿಗದ ವಾರ ಬಂಧುಬಳಗ ಹುಷಾರಾಗಿರಬೇಕು. 'ಸಾಫ್ಟ್' ಎಂಬ ಇಂಗ್ಲಿಷ್ ಪದ ನಮ್ಮ ಜಿಲ್ಲೆಯಲ್ಲಿ ಏನೇನು ಕೆಲಸ ಮಾಡುತ್ತಿದೆ ಎಂಬ ಘನಗಂಭೀರ ಸಂಶೋಧನೆಗೆ ಕೂತೆ. ಮೂಗಿಗೇರಿ ಕಣ್ಣಲ್ಲಿ ನೀರು ತರಿಸುವ ಬಾಟಲಿಗೆ ಸಾಫ್ಟ್ ಡ್ರಿಂಕ್ ಅನ್ನುತ್ತಾರೆ. ಕಚೇರಿಗೆ ಕಾಗದ ಒಯ್ದರೆ 'ಸಾಫ್ಟ್ ಕಾಪಿ ತರ್ರಿ' ಎಂದು ಗದರುತ್ತಾರೆ. ಕನ್ಯೆ ನೋಡಲು ಹೋದಲ್ಲಿ 'ಹುಡುಗ ಭಾಳ ಸಾಫ್ಟ್ ಅದಾನ್ರಿ' ಎಂದರೆ ಅವ್ವನ ಮುಂದೆ ಅವನಿಗೆ ಬಾಯಿಲ್ಲ ಎಂದು ತಿಳಿಯಬೇಕು. ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಅರ್ಧ ಕಾಲಂ ಖಾಲಿ ಉಳಿದಿತ್ತು. ಅಲ್ಲಿ ನಿನ್ನನ್ನು ಕೂಡಿಸಿದೆ.

ಆ ಪದ ನಿನಗೆ ಸಿಕ್ಕದ್ದು ಆಸ್ಪತ್ರೆಯಲ್ಲಿ. ನಿನ್ನ ಮೊಮ್ಮಗ ಹುಟ್ಟಿದಾಗ, ಹಳೆ ಸೀರೆಗಳನ್ನು ಪದರ ಹಾಕಿ ನೀನು ಹೊಲಿದ ಕೌದಿಯನ್ನು ಮುಟ್ಟಿ ನರ್ಸಮ್ಮ, 'ಎಷ್ಟು ಸಾಫ್ಟ್ ಐತ್ರಿ ಯಮ್ಮಾ ಇದು' ಎಂದಿದ್ದಳು. ನಲವತ್ತು ವರ್ಷ ಹೊಲಿದ ಕೈಗೆ ಸಿಕ್ಕ ಮೊದಲ ಬಹುಮಾನ ಅದು. ಅವತ್ತಿನಿಂದ ನೀನು ಆ ಪದವನ್ನು ಬೇಕಾದಲ್ಲಿ ಮಾತ್ರ, ಜೋಪಾನವಾಗಿ ತೆಗೆದು ಬಳಸಿದೆ. ಆಗತಾನೆ ಬಡಿದ ರೊಟ್ಟಿ ಸಾಫ್ಟ್. ಕರುವಿನ ಕಿವಿ ಸಾಫ್ಟ್. ಸಂಜೆ ಐದಕ್ಕೆ ಸೂಜಿ ಹಿಡಿದು ಅಂಗಳಕ್ಕೆ ಬಂದು, 'ಬಿಸಿಲು ಈಗ ಸಾಫ್ಟ್ ಆತು ನೋಡು' ಎನ್ನುತ್ತಿದ್ದೆ. ಗುರುಲಿಂಗಮ್ಮ ನನ್ನನ್ನು ನಾಲ್ಕು ಜನರೆದುರು ಬೈದ ದಿನ, 'ಹೋಗ್ಲಿ ಬಿಡೋ ಮಲ್ಲ್ಯಾ, ನಿನ್ನ ಹೇಣ್ತಿ ಒಳಗ ಸಾಫ್ಟ್ ಅದಾಳ' ಎಂದಿದ್ದೆ. ನಾನೋ, 'ಇಂಗ್ಲಿಷರಿಗೂ ತಿಳಿಯದ ಅರ್ಥಗಳನ್ನು ಲೋಕಕ್ಕೆ ದಯಪಾಲಿಸಿದ ದೇವಾಪುರದ ಮಹಾಪಂಡಿತೆ ಸಾಫ್ಟಕ್ಕ' ಎಂದು ಬರೆದೆ. ಊರ ಹೆಸರನ್ನೂ ಬಿಡಲಿಲ್ಲ.

ಜನ ನಕ್ಕರು. ನನಗೆ ಫೋನ್ ಮಾಡಿ ಹೊಗಳಿದರು. ನೀನು ಸುರಪುರದ ಬಸ್ ಹತ್ತಿದಾಗ ಯಾರೋ, 'ಸಾಫ್ಟಕ್ಕ ಬಂದಾಳ, ಮೆತ್ತನ್ನ ಸೀಟ್ ಬಿಡ್ರಪೋ' ಎಂದರಂತೆ. ಸೀಟು ಖಾಲಿಯಿದ್ದರೂ ನೀನು ಸುರಪುರ ಬರುವ ತನಕ ನಿಂತೇ ಹೋದೆಯಂತೆ. ಆಮೇಲೆ ಆ ಪದ ನಿನ್ನ ಬಾಯಲ್ಲಿ ಬರಲಿಲ್ಲ. ರೊಟ್ಟಿ 'ಚಲೋ ಐತಿ', ಬಿಸಿಲು 'ಕಡಿಮಿ ಆತು', ಅಷ್ಟೇ. ಮೌನಿಕಾ ಹೇಳಿದಳು.

ಅಷ್ಟಾದರೂ, ಮರುವರ್ಷ ನನ್ನ ಮೊಮ್ಮಗಳು ಶಿವರಂಜನಿ ಹುಟ್ಟಿದಾಗ ನೀನು ಕೌದಿ ಕಳಿಸಿದೆ. ನಟ್ಟನಡುವೆ ನಮ್ಮವ್ವನ ಹಸಿರು ಸೀರೆಯ ತುಂಡು. ಮೂರು ಬದಿ ಹೊಲಿದಿತ್ತು, ನಾಲ್ಕನೆಯದು ತೆರೆದಿತ್ತು. ನಮ್ಮ ಮನೆತನದ ರೀತಿ ನನಗೇನು ಗೊತ್ತಿಲ್ಲವೇ? ಕೌದಿ ಹಸಿದಿರಬಾರದು. ಕೂಸಿನ ಮನೆಯ ರೊಟ್ಟಿಯ ಚೂರೊಂದನ್ನು ಒಳಗಿಟ್ಟು, ಹೊಲಿದವಳೇ ಬಂದು ಅದರ ಬಾಯಿ ಮುಚ್ಚಬೇಕು. ಅವಳನ್ನು ಕರೆಯಬೇಕಾದವನು ಕೂಸಿನ ಅಜ್ಜ. ನೀನು ಬಾಗಿಲು ತೆರೆದಿಟ್ಟೇ ಕಳಿಸಿದ್ದೆ. ನಾಲ್ಕು ತಾಲ್ಲೂಕಿಗೆ ಕೇಳುವಂತೆ ನಿನ್ನನ್ನು ಗೇಲಿ ಮಾಡಿದವನಿಗೆ, 'ಬಾ ಅಕ್ಕ' ಎನ್ನಲು ಬಾಯಿ ಬರಲಿಲ್ಲ. ನಾಳೆ ಕರೆದರಾಯಿತು, ಶ್ರಾವಣ ಮುಗಿಯಲಿ ಎಂದು ಟ್ರಂಕಿನಲ್ಲಿಟ್ಟೆ. ಮೂರು ಶ್ರಾವಣ ಮುಗಿದವು.

ಮೊನ್ನೆ ಮಧ್ಯಾಹ್ನ ಶಿವರಂಜನಿ ಅದನ್ನು ಹೊರಗೆಳೆದು ಹೊದ್ದು ಮಲಗಿದಳು. ಕಾಲೆರಡೂ ಹೊರಗೆ. ಕೌದಿ ಹೊದ್ದು ಒಗೆದಷ್ಟೂ ಮೆತ್ತಗಾಗುತ್ತದೆ ಎನ್ನುತ್ತಿದ್ದೆಯಲ್ಲ, ಯಾರೂ ಹೊದೆಯದೆ ಉಳಿದ ಇದರ ದಾರ ಇನ್ನೂ ಬಿರುಸಾಗಿತ್ತು. ಅವಳು ಕೆನ್ನೆ ಉಜ್ಜಿಕೊಂಡು, 'ಅಜ್ಜಾ, ಇದು ಚುಚ್ಚತೈತಿ' ಎಂದಳು. ನಿನ್ನ ಕೈಯ ಕೌದಿ ಒಂದು ಕೂಸಿಗೆ ಚುಚ್ಚಿತು ಅಕ್ಕಾ. ಹಾಗೆ ಮಾಡಿದವನು ನಾನು.

ನಿನ್ನ ಕಣ್ಣಿಗೆ ಪೊರೆ ಬಂದಿದೆಯಂತೆ. ಸೂಜಿಗೆ ದಾರ ನಾನು ಪೋಣಿಸುತ್ತೇನೆ. ಸೋಮವಾರ ನಾನೇ ದೇವಾಪುರಕ್ಕೆ ಬರುತ್ತೇನೆ. ಬಸ್ಸಿನಲ್ಲಿ ನೀನು ಕೂರು, ಶಹಾಪುರದ ತನಕ ನಾನು ನಿಂತು ಬರುತ್ತೇನೆ. ಬರಲಾರೆ ಎಂದರೆ ಒತ್ತಾಯವಿಲ್ಲ. ಆ ಬದಿಯನ್ನು ಬೇರೆ ಯಾರ ಕೈಯಿಂದಲೂ ಮುಚ್ಚಿಸುವುದಿಲ್ಲ, ಅಷ್ಟೇ.

ಬಂದರೆ ಒಂದೇ ಕೋರಿಕೆ. ಗುರುಲಿಂಗಮ್ಮ ಬಿಸಿ ರೊಟ್ಟಿ ತಂದು ನಿನ್ನ ಕೈಗಿಡುತ್ತಾಳೆ. ಮುಟ್ಟಿ ನೋಡಿ, ಅದು ಹೇಗಿದೆ ಎಂದು ಹೇಳು. ನಿನ್ನ ಪದದಲ್ಲೇ ಹೇಳು.

ನಾನು ಬರೆದುಕೊಳ್ಳುವುದಿಲ್ಲ.

ನಿನ್ನ ಕೈ ತಣ್ಣಗಿರಲಿ, ಅಕ್ಕಾ.

ಪೆನ್ನು ಕೆಳಗಿಟ್ಟು ಕೂತಿರುವ,
ನಿನ್ನ ಮಲ್ಲ್ಯಾ