ನನ್ನ ಹೆಂಡತಿಯ ದನಿ ನಿಮ್ಮ ಬೀರುವಿನಲ್ಲಿದೆ

ಚಲನಚಿತ್ರಗಳಿಗೆ ಪ್ರಮಾಣಪತ್ರ ನೀಡುವ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ತೀರಿಹೋದ ನನ್ನ ಹೆಂಡತಿಯ ದನಿ ನಿಮ್ಮ ಕಚೇರಿಯ ಬೀರುವಿನಲ್ಲಿದೆ. ಅದನ್ನು ಒಮ್ಮೆ ಕೇಳಿಸಿ ಎಂದು ಮೂರು ಅರ್ಜಿ ಕೊಟ್ಟೆ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, 'ಅರ್ಜಿದಾರರಿಗೆ ಸದರಿ ಚಿತ್ರದೊಂದಿಗೆ ಯಾವುದೇ ಸಂಬಂಧ ಕಂಡುಬಂದಿಲ್ಲ' ಎಂಬ ಒಂದು ಸಾಲು ಬಂತು. ಆ ಸಂಬಂಧ ಏನೆಂದು ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆಯೇ ಹೇಳಿಬಿಡುತ್ತೇನೆ.

ಗೂಂಡಾಗಳನ್ನು ಸಾಕಿಕೊಂಡು ಆಳುವ ಮಂತ್ರಿಯ ಕಥೆಯುಳ್ಳ ಆ ಜನಪ್ರಿಯ ಚಿತ್ರದ ಎರಡನೇ ಭಾಗಕ್ಕೆ ತಾವೇ ಪ್ರಮಾಣಪತ್ರ ಕೊಟ್ಟಿದ್ದೀರಿ. ಅದರಲ್ಲಿ ಹದಿನಾಲ್ಕು ಕೊಲೆಗಳಿವೆ. ಅಂದಾಜಿಗೆ ಹೇಳುತ್ತಿಲ್ಲ, ಆ ಹದಿನಾಲ್ಕು ಹೆಣ ನೆಲಕ್ಕೆ ಬೀಳುವ ಸದ್ದು ಮಾಡಿದವನೇ ನಾನು. ತೆರೆಯ ಮೇಲೆ ಯಾರು ನಡೆದರೂ, ಬಿದ್ದರೂ, ಬಾಗಿಲು ತೆಗೆದರೂ ಆ ಸದ್ದನ್ನು ಸ್ಟುಡಿಯೊದಲ್ಲಿ ಬೇರೆಯಾಗಿ ಮಾಡಿ ಸೇರಿಸುವುದು ನನ್ನ ಕಸುಬು. ಹದಿನಾಲ್ಕು ಕೊಲೆಗಳಿಂದ ಸಮಾಜಕ್ಕೆ ಕೇಡಿಲ್ಲವೆಂದು ತಮಗೆ ಮನವರಿಕೆಯಾಯಿತು. ಕೇಡು ಕಂಡದ್ದು ಒಬ್ಬ ಮುದುಕಿಯಲ್ಲಿ. ಕಾಣೆಯಾದ ಅವಳ ಮಗನನ್ನು ಹುಡುಕಿಸುತ್ತೇನೆಂದು ಮೊದಲ ಭಾಗದಲ್ಲಿ ಮಂತ್ರಿ ಮಾತು ಕೊಟ್ಟಿರುತ್ತಾನೆ. ಎರಡನೇ ಭಾಗದಲ್ಲಿ ಮತ್ತೆ ಓಟು ಕೇಳಲು ಬಂದು ಅದೇ ಮಾತು ಕೊಡುತ್ತಾನೆ. ಅವಳು ಚಪ್ಪಲಿ ಎಳೆಯುತ್ತ ಎದುರು ಬಂದು ನಿಂತು, "ಸಾಹೇಬ್ರೇ, ಹೋದ ಸಲ ಬಂದಾಗ್ಲೂ ಇದನ್ನೇ ಹೇಳಿದ್ರಿ" ಅನ್ನುತ್ತಾಳೆ. ಇದರಲ್ಲಿ ಬೈಗುಳ ಎಲ್ಲಿದೆ? ಬೆದರಿಕೆ ಎಲ್ಲಿದೆ? 'ಅಧಿಕಾರಸ್ಥರ ಘನತೆಗೆ ಕುಂದು' ಎಂದು ಬರೆದು ಆ ನಾಲ್ಕು ಸೆಕೆಂಡಿನ ದನಿ ತೆಗೆಸಿದಿರಿ. ಇಲ್ಲದ ಮಂತ್ರಿಯ ಘನತೆಗೆ ಇಷ್ಟು ಮಿಡಿಯುವ ಹೃದಯ ಎಲ್ಲರಿಗೂ ಇರುವುದಿಲ್ಲ ಬಿಡಿ.

ಆ ಮುದುಕಿಗೆ ದನಿ ಕೊಟ್ಟವಳು ನನ್ನ ಹೆಂಡತಿ. ಇಪ್ಪತ್ತೊಂಬತ್ತು ವರ್ಷ ಡಬ್ಬಿಂಗ್ ಮಾಡಿದಳು. ಅಳುವ ಮಗು, ಜಗಳಗಂಟಿ, ಗುಂಪಿನಲ್ಲಿ ಚೀರುವ ಹೆಂಗಸು, ಎಲ್ಲ ಅವಳೇ. ಅವಳ ಸ್ವಂತ ದನಿ ಮಾತ್ರ ಯಾವ ಚಿತ್ರದಲ್ಲೂ ಇರಲಿಲ್ಲ. ಈ ಸಲ ನಿರ್ದೇಶಕರು, "ಅಮ್ಮಾ, ಮುದುಕಿ ಥರ ನಡುಗಿಸ್ಬೇಡಿ. ಮನೇಲಿ ಮಾತಾಡೋ ಹಾಗೇ ಹೇಳಿಬಿಡಿ" ಅಂದರು. ಗಾಜಿನಾಚೆ ಕೂತಿದ್ದ ನನ್ನನ್ನೇ ನೋಡುತ್ತ ಅವಳು ಒಂದೇ ಟೇಕಿನಲ್ಲಿ ಮುಗಿಸಿದಳು. "ನಿಮಗೆ ದಿನಾ ಹೇಳೋ ಮಾತೇ ಅಲ್ವೇನ್ರೀ, ಬಾಯಿಪಾಠ ಆಗಿತ್ತು" ಎಂದು ಆಮೇಲೆ ನಕ್ಕಳು. ಸೋರುವ ಅಡುಗೆಮನೆ ನಲ್ಲಿಯನ್ನು ಸರಿಮಾಡಿಸುತ್ತೇನೆಂದು ನಾನು ಎರಡು ವರ್ಷದಿಂದ ಹೇಳುತ್ತಿದ್ದೆ. ಮುದುಕಿಯ ಹೆಜ್ಜೆಗೆ ಅವಳದೇ ಸವೆದ ಚಪ್ಪಲಿಗಳನ್ನು ಕೈಗೆ ಹಾಕಿಕೊಂಡು ಮರಳಿನ ಮೇಲೆ ಎಳೆದೆ. ಅದಾದ ಹನ್ನೊಂದನೇ ದಿನ ಅವಳ ಹೃದಯ ನಿಂತುಹೋಯಿತು.

ತಮ್ಮ ಆದೇಶ ಬಂದದ್ದು ಆಮೇಲೆ. ಮಾತು ತೆಗೆದರೆ ಅಲ್ಲಿ ಒಂದು ತೂತು ಉಳಿಯುತ್ತದೆ, ಅದಕ್ಕೆ ಗಾಳಿಯ ಸದ್ದು ತುಂಬಬೇಕು. ನನ್ನನ್ನೇ ಕರೆದರು. ಬೇರೆ ಪ್ರತಿಗಳನ್ನು ಸೋರಿಕೆಯ ಭಯಕ್ಕೆ ನಿರ್ಮಾಪಕರು ಆಗಲೇ ಅಳಿಸಿದ್ದರು. ನಾನು ಗಾಳಿ ತುಂಬಿಸಿ, ಕಣ್ಣು ಮಂಜಾಗಿತ್ತೋ ತಲೆ ಕೆಟ್ಟಿತ್ತೋ, ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿ ಅವಳ ದನಿಯನ್ನೇ ಅಳಿಸಿಬಿಟ್ಟೆ. ಈ ಕಸುಬಿನಲ್ಲಿ ಹೊಸಬರೂ ಮಾಡದ ತಪ್ಪು. ತೆಗೆದ ಭಾಗದ ಪ್ರತಿಯನ್ನು ಮಂಡಳಿಗೆ ಒಪ್ಪಿಸಬೇಕೆಂಬ ನಿಯಮದಂತೆ ತಮಗೆ ಕಳಿಸಿದ ಪ್ರತಿಯೊಂದೇ ಈಗ ಲೋಕದಲ್ಲಿ ಉಳಿದಿರುವುದು.

"ಫೋನಲ್ಲಿ ಇರತ್ತಲ್ಲ, ಹುಡುಕಿ ನೋಡಿ" ಅಂದರು ತಮ್ಮ ಗುಮಾಸ್ತರು. ಇಲ್ಲ. ಅವಳ ಮಾತು ರೆಕಾರ್ಡ್ ಮಾಡಲು ನಾನು ಫೋನು ಹಿಡಿದರೆ ಸಾಕು, "ಇಡೀ ದಿನ ಮೈಕ್ ಮುಂದೆ ನಿಂತು ಬಂದಿದೀನಿ, ಗಂಟಲಿಗೆ ರಜಾ ಕೊಡ್ರೀ" ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನಲ್ಲಿಯನ್ನು ನಾನಿನ್ನೂ ಸರಿಮಾಡಿಸಿಲ್ಲ. ಈಗ ಆ ಮನೆಯಲ್ಲಿ ನಾನು ಮಾಡದ ಸದ್ದು ಅದೊಂದೇ.

ಚಿತ್ರವನ್ನು ನಾಲ್ಕು ಸಲ ನೋಡಿದೆ, ಎಲ್ಲವೂ ಮಧ್ಯಾಹ್ನದ ಆಟ. ಚಪ್ಪಲಿ ಸದ್ದು ಬರುತ್ತದೆ. ಮುದುಕಿಯ ತುಟಿ ಅಲ್ಲಾಡುತ್ತದೆ. ಗಾಳಿ ಬೀಸುತ್ತದೆ. ಜನ ನಗುತ್ತಾರೆ. ನಾಲ್ಕನೇ ಸಲ ತಡೆಯಲಾರದೆ ಆ ಮಾತನ್ನು ನಾನೇ ಜೋರಾಗಿ ಹೇಳಿದೆ. ಪಕ್ಕದವರು, "ಯಜಮಾನ್ರೇ, ಸುಮ್ನೆ ಕೂತ್ಕೊಳ್ಳಿ" ಅಂದರು. ಕೂತೆ. ನನ್ನ ಮಾತು ಆ ತುಟಿಗೆ ಕೂಡಿಬಂದಿರಲಿಲ್ಲ. ಅದಕ್ಕಿಂತ ಭಯವಾದದ್ದು ಬೇರೆ: ಹೇಳುವಾಗ ಅವಳು 'ಸಾಹೇಬ್ರೇ' ಎಂಬುದನ್ನು ಎಳೆದಿದ್ದಳೋ ಇಲ್ಲವೋ ನನಗೆ ನೆನಪಾಗಲಿಲ್ಲ. ಲೋಕದ ಸದ್ದನ್ನೆಲ್ಲ ನೆನಪಿಟ್ಟುಕೊಳ್ಳುವುದೇ ಕಸುಬಾದವನಿಗೆ ಹೆಂಡತಿಯ ದನಿ ಮರೆಯುತ್ತಿದೆ, ಮಾನ್ಯರೇ.

ಆದೇಶ ಹಿಂಪಡೆಯಿರಿ ಎಂದು ಕೇಳುತ್ತಿಲ್ಲ. ಮಂತ್ರಿಯ ಘನತೆ ಚೆನ್ನಾಗಿರಲಿ. ನಿಮ್ಮ ಕಚೇರಿಯಲ್ಲಿ ಒಂದು ಕುರ್ಚಿ, ಒಂದು ಹೆಡ್‌ಫೋನು, ನಾಲ್ಕು ಸೆಕೆಂಡು ಕೊಡಿ. ಬೇಕಾದರೆ ಪೇದೆಯೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ. ಐದು ಸಲ ಬಂದಿದ್ದೇನೆ. ಐದು ಸಲವೂ ತಮ್ಮ ಕಿಟಕಿಯಲ್ಲಿ "ಮುಂದಿನ ವಾರ ಬನ್ನಿ, ನೋಡೋಣ" ಅಂದರು. ಸೋಮವಾರ ಮತ್ತೆ ಬರುತ್ತೇನೆ. ಆಗಲೂ ಹಾಗೆಯೇ ಅಂದರೆ ನಾನು ಏನು ಹೇಳುತ್ತೇನೆಂದು ತಮಗೆ ಚೆನ್ನಾಗಿ ಗೊತ್ತು. ಆ ಮಾತನ್ನು ಕೇಳಿಸಿಕೊಂಡು ತೆಗೆಸಿದವರು ತಾವೇ ಅಲ್ಲವೇ?

ಇಂತಿ,
ತಾವು ತೆಗೆಯದೆ ಬಿಟ್ಟ ಚಪ್ಪಲಿ ಸದ್ದಿನವನು